ಒಳಮೈ ಹೊರಗಾದ ಕೋಟು

ಹೇಳಿಕೆ ನೀಡುವವರು: ಲವಿನಿಯಾ ಎಂಡಾಕಾಟ್, ವಯಸ್ಸು 68 ವರ್ಷ, ಉದ್ಯೋಗ ಕುರಿ ಸಾಕಣೆ, ವಾಸ ಹಾಲೋಕೋಂಬ್ ಗ್ರಾಮ, ಡಾರ್ಟ್‌ಮೂರ್ ಬಯಲು, ಡೆವನ್.

ಠಾಣೆಗೆ ಖುದ್ದು ಹಾಜರಾಗಿ ತಿಳಿಸುವುದೇನೆಂದರೆ, ಇಂದು ಮಧ್ಯಾಹ್ನ ಒಂದೂವರೆಗೆ ನಾನು ಮತ್ತು ನನ್ನ ಗಂಡ ಡೆನ್ಜಿಲ್, ವಯಸ್ಸು 73, ಬಯಲಿನ ಕೊನೆಯ ಗೇಟಿನ ಬಳಿ ಕಾರು ನಿಲ್ಲಿಸಿದೆವು. ಅಲ್ಲಿಂದ ಒಂದು ಮೈಲಿ ಒಳಗೆ, ನಮ್ಮವರು 'ಮುದುಕಿಯರು' ಎಂದು ಕರೆಯುವ ಪುರಾತನ ಕಲ್ಲುಗಳ ವೃತ್ತವಿದೆ. ಏಪ್ರಿಲ್‌ನಲ್ಲಿ ಹೃದಯದ ಆಪರೇಷನ್ ಆದಂದಿನಿಂದ, ಮುದುಕಿಯರನ್ನು ನೋಡಿ ಬರಬೇಕೆಂದು ಅವನದು ಒಂದೇ ಹಟ. ಮಂಡಿ ನೋವಿದ್ದುದರಿಂದ ನಾನು ಕಾರಿನಲ್ಲೇ ಉಳಿದೆ. ದೂರಕ್ಕೂ ಕಾಣಲೆಂದು ಈ ವಾರವಷ್ಟೇ ಕೊಡಿಸಿದ್ದ ಕೆಂಪು ಕೋಟನ್ನು ಅವನಿಗೆ ಹಾಕಿಸಿದೆ. ಅಂಚೆ ಡಬ್ಬಿ ಥರ ಕಾಣ್ತೀನಲ್ಲೇ ಎಂದು ಅವನು ಗೊಣಗಿದ. ಡಬ್ಬಿನಾದ್ರೂ ಆಗು ಮಹಾರಾಯ, ಕಣ್ಣಿಗೆ ಬಿದ್ರೆ ಸಾಕು ಎಂದು ನಾನು ಹೇಳಿದೆ.

ಎರಡೂವರೆಗೆ ಮಂಜು ಕವಿಯಿತು. ಮೂರೂಕಾಲಾದರೂ ಅವನು ಬರಲಿಲ್ಲ. ಅವನ ಫೋನು ಸೀಟಿನ ಮೇಲೇ ಬಿದ್ದಿತ್ತು. ರಕ್ಷಣಾ ತಂಡವನ್ನು ಕರೆಸಿ, ಕೆಂಪು ಕೋಟು ಎಂದು ಗುರುತು ಹೇಳಿದೆ. ತಂಡದ ನಾಯಕಿ ಗ್ವೆಂಡಾ ಮತ್ತು ಜೊತೆಯವರು ಕಲ್ಲುಗಳವರೆಗೂ ಹೋಗಿ, ಡೆನ್ಜಿಲ್ ಅವರೇ, ಡೆನ್ಜಿಲ್ ಅವರೇ ಎಂದು ಕೂಗಿ, ಐದಕ್ಕೆ ಮರಳಿದರು. ಕೆಂಪನೆಯದು ಎಲ್ಲೂ ಕಾಣ್ಲಿಲ್ಲಮ್ಮ, ಇನ್ನು ಜೌಗಿನ ಕಡೆ ಹುಡುಕ್ತೀವಿ ಎಂದು ಗ್ವೆಂಡಾ ಹೇಳಿದರು. ಕಳೆದ ವರ್ಷ ನಮ್ಮ ಎರಡು ಕುರಿಗಳು ಆ ಜೌಗಿನಲ್ಲೇ ಮುಳುಗಿದ್ದವು.

ಮಂಜಿನಲ್ಲಿ ದಾರಿ ತಪ್ಪಿದರೆ ಅದು ಪಿಕ್ಸಿ ಎಂಬ ಮಾಯಾವಿ ಕುಳ್ಳರ ಕಿತಾಪತಿ, ಅವರು ಹೆಸರು ಹಿಡಿದು ಕರೆದು ದಾರಿ ತಪ್ಪಿಸುತ್ತಾರೆ, ಕೋಟನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡರೆ ಬಿಟ್ಟುಬಿಡುತ್ತಾರೆ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಕಾರಿನ ಮರೆಗೆ ಹೋಗಿ ನನ್ನ ಕೋಟನ್ನು ತಿರುಗಿಸಿ ಹಾಕಿಕೊಂಡೆ. ಗುಂಡಿ ಹಾಕುವಾಗ ಹೊಳೆಯಿತು: ನಾನೇ ಹೀಗೆ ಮಾಡಿದ ಮೇಲೆ ಅವನು ಬಿಟ್ಟಾನೆಯೇ? ಅವನ ಕೋಟಿನ ಒಳಮೈ ಬೂದು ಬಣ್ಣ, ಥೇಟ್ ಕಲ್ಲಿನ ಬಣ್ಣ.

ಕೆಂಪಲ್ಲಮ್ಮ, ಬೂದು ಹುಡುಕಿ ಎಂದು ಗ್ವೆಂಡಾರನ್ನು ತಡೆದೆ. ಅವರ ಜೀಪಿನಲ್ಲಿ ಅರ್ಧ ದಾರಿ, ಉಳಿದರ್ಧ ಕುಂಟುತ್ತಾ ಹೋದೆ. ಕಲ್ಲುಗಳ ನಡುವೆ ನಿಂತು, ಎಲ್ಲಿ ಸತ್ತಿದ್ದೀಯೋ ಮುದಿಗೂಬೆ, ನನ್ನ ಪ್ರಾಣ ತೆಗೀಬೇಕು ಅಂತಲೇ ಹುಟ್ಟಿದೀಯಾ ಎಂದು ಬಾಯಿಗೆ ಬಂದಂತೆ ಬೈದೆ. ಹತ್ತು ಅಡಿ ದೂರದಲ್ಲಿ ಒಂದು ಕಲ್ಲು ಎದ್ದು ನಿಂತಿತು. ಅದು ಡೆನ್ಜಿಲ್. ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ.

ಅಷ್ಟು ಕೂಗಿದರೂ ಯಾಕೆ ಓಗೊಡಲಿಲ್ಲ ಎಂದು ಗ್ವೆಂಡಾ ವಿಚಾರಿಸಿದರು. ಅಷ್ಟು ಮರ್ಯಾದೆಯಿಂದ ಕರೆದ್ರೆ ಕುಳ್ಳರೇ ಅಂದ್ಕೊಂಡೆ, ಬೈಗುಳ ಕೇಳಿದ್ಮೇಲೆ ಇವಳೇ ಅಂತ ಖಾತ್ರಿ ಆಯ್ತು ಎಂದು ಅವನು ಉತ್ತರಿಸಿದ.

ಅವನಿಗೆ ಚಳಿ ಹಿಡಿದಿದ್ದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ನನಗೆ ಯಾರ ಮೇಲೂ ದೂರಿಲ್ಲ. ನನ್ನ ಕೋಟು ತಿರುವುಮುರುವಾಗಿದೆ ಎಂದು ಪೇದೆಯವರು ಈಗ ಎರಡು ಸಲ ತಿಳಿಸಿದ್ದಾರೆ. ನನಗದು ಗೊತ್ತಿದೆ. ಅವನು ನಮ್ಮ ಮನೆಯ ಹೊಸ್ತಿಲು ದಾಟುವವರೆಗೆ ಅದು ಹಾಗೇ ಇರತಕ್ಕದ್ದು.

ಇಷ್ಟನ್ನೂ ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ಹಾಲೋಕೋಂಬ್ ಠಾಣೆ
ದಿನಾಂಕ: 14-10-2017
ಸಹಿ: ಲವಿನಿಯಾ ಎಂಡಾಕಾಟ್