ರೈಲಿನ ಮೊದಲ ಮಣ್ಣು

ಮಸ್ಕತ್ತಿನ ಅಲ್ ಮಬೇಲಾಕ್ಕೆ ಮಳೆಯ ರೂಢಿಯಿಲ್ಲ. ಆ ಶುಕ್ರವಾರ ಮಧ್ಯಾಹ್ನ ಶುರುವಾದದ್ದು ಸಂಜೆಯಾದರೂ ಬಿಡಲಿಲ್ಲ. ವಾದಿ ಎನ್ನುವ ಒಣಹಳ್ಳ ತುಂಬಿ ಹರಿದು ರಸ್ತೆ ಮುಚ್ಚಿತು, ರಾಬರ್ಟನ ಮನೆಗೆ ಊಟಕ್ಕೆ ಬಂದಿದ್ದ ಫಯಾಝ್ ಮತ್ತು ಅವನ ಹೆಂಡತಿ ಶಬ್ನಂ ಅಲ್ಲಿಯೇ ಉಳಿಯಬೇಕಾಯಿತು. ಕರೆಂಟೂ ಹೋಯಿತು. ಮೇಣದ ಬತ್ತಿಯ ಬೆಳಕಿನಲ್ಲಿ, ಸೋಫಾದ ಮೂಲೆಯಲ್ಲಿ, ರಾಬರ್ಟನ ತಾಯಿ ಉರ್ಸುಲಾಬಾಯಿ ಚಹಾ ಆರಿಸುತ್ತ ಕೂತಿದ್ದರು. ಹರೆಯವನ್ನೆಲ್ಲ ಮಸ್ಕತ್ತಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕಳೆದ ಮುದುಕಿ.

"ಆಂಟೀ, ನಿಮ್ಮ ತಂಗಿಯ ಮಗ ಕ್ಲೇಟನ್ ಅಷ್ಟು ಒಳ್ಳೆ ಕೆಲಸ ಬಿಟ್ಟು ಮಂಗಳೂರಿಗೆ ಹೋದದ್ದು ಯಾಕೆ?" ಎಂದು ಫಯಾಝ್ ಕೇಳಿದ.

"ಮಮ್ಮಾ, ಅದು ಬೇಡ," ಎಂದ ರಾಬರ್ಟ್.

"ಬೇಡ ಎಂತಕ್ಕೆ? ನಡೆದದ್ದು ತಾನೇ ಹೇಳುದು?" ಉರ್ಸುಲಾಬಾಯಿ ಲೋಟ ಕೆಳಗಿಟ್ಟರು.

"ಕೇಳಿ... ಸೊಹಾರ್ ದಾಟಿ ಬೆಟ್ಟದ ಕಡೆ ಹೋದ್ರೆ ಬರೀ ಕಲ್ಲಿನ ಬಯಲು. ಒಂದು ಹುಲ್ಲುಕಡ್ಡಿ ಇಲ್ಲ. ಅಲ್ಲಿ ರೈಲು ಬರ್ತದೆ ಅಂತ ಆಯ್ತು. ನಮ್ಮ ಊರಲ್ಲಿ ಗುದ್ದಲಿ ಪೂಜೆ ಅಂತ ಮಾಡುದಿಲ್ವಾ, ಹಾಗೆ ಯಾರಾದ್ರೂ ದೊಡ್ಡವರು ಬಂದು ಮೊದಲ ಮಣ್ಣು ಎತ್ತಬೇಕು, ಬ್ಯಾಂಡು ಬಾರಿಸಬೇಕು, ಫೋಟೋ ಆಗಬೇಕು. ಟೆಂಟು, ಕುರ್ಚಿ, ಕಾರ್ಪೆಟ್ಟು, ಊಟ, ಎಲ್ಲ ನಮ್ಮ ಕ್ಲೇಟನ್‌ನ ತಲೆಗೆ ಬಂತು. ಪಾಪದ ಹುಡುಗ! ಮಗಳು ಹುಟ್ಟಿ ಹಲ್ಲು ಬರ್ಲಿಕ್ಕೆ ಶುರುವಾಗಿತ್ತು, ಅಪ್ಪ ಮುಖ ನೋಡಿದ್ದು ಫೋನಿನಲ್ಲಿ ಮಾತ್ರ. ಸಮಾರಂಭ ಮುಗಿದ್ರೆ ರಜೆ, ಇಲ್ಲದಿದ್ರೆ ಇಲ್ಲ. ಆ ಸಮಾರಂಭವೋ, ಮುಂದೆ ಮುಂದೆ ಹೋಗ್ತಾ ಉಂಟು... ಒಮ್ಮೆ ದೊಡ್ಡ ಅತಿಥಿಗೆ ಪುರುಸೊತ್ತಿಲ್ಲ, ಇನ್ನೊಮ್ಮೆ ಗಾಳಿಗೆ ಟೆಂಟೇ ಹಾರಿತು. ಆಚೆಯಿಂದ ಹೆಂಡತಿ ಜೊವಿಟಾ ಫೋನಿನಲ್ಲಿ, 'ಬಿಡಿ, ಮಗು ನಡೀಲಿಕ್ಕೆ ಕಲಿತ ಮೇಲೆ ಬ್ಯಾಪ್ಟಿಸಂ ಮಾಡುವಾ, ಅದೇ ನಡ್ಕೊಂಡು ಇಗರ್ಜಿಗೆ ಹೋಗ್ತದೆ' ಅಂತ ಚುಚ್ಚುದು. ಅವನಿಗೆ ಹೇಗಾಗಬೇಡ?

"ಅಲ್ಲಿ ಡೆಸ್ಮಂಡ್ ಅಂತ ಒಬ್ಬ ಇಂಜಿನಿಯರ್, ಐರ್ಲೆಂಡಿನವ. ಅವರ ದೇಶದಲ್ಲಿ ಹಿಂದೆ ರೈಲಿನ ಕೆಲಸ ಶುರುವಾಗುವಾಗ ದೊಡ್ಡ ಮನೆತನದವರು ಬೆಳ್ಳಿಯ ಸಲಿಕೆಯಲ್ಲಿ ಒಂದು ಚೂರು ಮಣ್ಣು ಎತ್ತಿ, ಮರದ ಕೈಗಾಡಿಗೆ ಹಾಕಿ, ನಾಲ್ಕು ಹೆಜ್ಜೆ ದೂಡಿ ಸುರಿಯುದಂತೆ. ಮತ್ತೆ ಚಪ್ಪಾಳೆ, ಊಟ, ವೈನು. ಅಂಥ ಒಂದು ಸಲಿಕೆ, ಗಾಡಿ ಅವನ ಅಜ್ಜನ ಮನೆಯಲ್ಲಿತ್ತು. ಅದನ್ನೇ ತರಿಸಿದ... ಅಲ್ಲಿಂದ ಶುರು ನೋಡಿ.

"ಕ್ಲೇಟನ್ ಆ ಗಾಡಿಯನ್ನು ಒರೆಸಿ ಹೊಳೆಯುವ ಹಾಗೆ ಮಾಡಿಟ್ಟ. ಬೆಳಿಗ್ಗೆ ಬಂದು ನೋಡಿದ್ರೆ ಗಾಡಿ ತುಂಬ ಮಣ್ಣು! ಕಪ್ಪು, ಒದ್ದೆ, ಹಿಂಡಿದ್ರೆ ನೀರು ಬರುವಂಥ ಮಣ್ಣು. ಆ ಬಯಲಲ್ಲಿ ನೀರು ಎಲ್ಲಿಂದ? ಸುರಿದು, ತೊಳೆದು, ಒರೆಸಿದ. ಮರುದಿನ ಮತ್ತೆ ತುಂಬಿದೆ. ಮತ್ತೆ ತೊಳೆದ. ಮತ್ತೆ ತುಂಬಿದೆ! ವಾಚ್‌ಮನ್ ಸುಕೇಶನನ್ನು ಹಿಡಿದು ಬೈದ. ಸುಕೇಶ್ ಅಳಲಿಕ್ಕೆ ಶುರುಮಾಡಿದ, 'ಸಾರ್, ತಾರ್ಪಾಲು ಕಟ್ಟಿ ಅದರ ಪಕ್ಕದಲ್ಲೇ ಕೂತಿದ್ದೆ. ಯಾರೂ ಬರ್ಲಿಲ್ಲ. ಒಳಗಿಂದ ಯಾರೋ ಏದುಸಿರು ಬಿಡುದು ಮಾತ್ರ ಕೇಳ್ತಿತ್ತು.'

"ಡೆಸ್ಮಂಡ್ ಬಂದು ಒಂದು ಹಿಡಿ ಎತ್ತಿ ಮೂಸಿ ನೋಡಿದ, ಮುಖ ಬಿಳುಚಿಕೊಂಡಿತು. 'ಇದು ನಮ್ಮ ಜೌಗಿನ ಮಣ್ಣು. ಒಣಗಿಸಿ ಸೌದೆಯ ಹಾಗೆ ಒಲೆಗೆ ಹಾಕುದು' ಅಂದ. ಮತ್ತೆ ಮೆಲ್ಲ ಹೇಳಿದ... ಹಿಂದೆ ಐರ್ಲೆಂಡಿನಲ್ಲಿ ಆ ಗಾಡಿಯ ಸಮಾರಂಭದ ಮುನ್ನಾ ದಿನ, ದೊಡ್ಡವರು ನಿಲ್ಲುವ ಜಾಗ ಗಟ್ಟಿ ಮಾಡ್ಲಿಕ್ಕೆ ಹೋದ ಕೂಲಿಯವ ಒಬ್ಬ ಜೌಗಿನಲ್ಲಿ ಮುಳುಗಿದನಂತೆ. ಹುಡುಕುವಷ್ಟು ಪುರುಸೊತ್ತು ಯಾರಿಗೆ? ಮೇಲೆ ಹಲಗೆ ಹಾಸಿದರು, ಹಲಗೆ ಮೇಲೆ ಕಾರ್ಪೆಟ್ ಹಾಸಿದರು. ಮರುದಿನ ಅದರ ಮೇಲೆಯೇ ನಿಂತು ಚಪ್ಪಾಳೆ ತಟ್ಟಿದರು."

ಶಬ್ನಂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊರಗೆ ಯಾವುದೋ ಕಾರಿನ ಅಲಾರಾಂ ಒಂದೇ ಸಮನೆ ಹೊಡೆದುಕೊಂಡು ನಿಂತಿತು.

"ಗಾಡಿ ಬೇಡ ಅಂತ ಡೆಸ್ಮಂಡ್ ಎಷ್ಟು ಹೇಳಿದ್ರೂ ಆಫೀಸಿನವರು ಕೇಳ್ಬೇಕಲ್ಲ! ಇನ್ವಿಟೇಶನ್‌ನಲ್ಲಿ ಅದರ ಫೋಟೋ ಅಚ್ಚಾಗಿಯಾಗಿತ್ತು. ಕೊನೆಗೆ ಸಮಾರಂಭದ ಮುನ್ನಾ ದಿನ, ಮಧ್ಯಾಹ್ನದ ಸುಡು ಬಿಸಿಲು. ಕ್ಲೇಟನ್ ಒಬ್ಬನೇ ಆ ಬೆಳ್ಳಿಯ ಸಲಿಕೆ ಹಿಡಿದು ಗಾಡಿ ಖಾಲಿ ಮಾಡ್ತಾ ಇದ್ದ. ಕೈಯಲ್ಲಿ ಬೊಕ್ಕೆ ಎದ್ದಿದೆ, ಆಗ ತಾನೇ ಜೊವಿಟಾ ಫೋನ್ ಕಟ್ ಮಾಡಿದ್ದಾಳೆ. ತಲೆ ಎತ್ತಿದ್ರೆ ಎದುರಲ್ಲಿ ಒಬ್ಬ ನಿಂತಿದ್ದ. ದಪ್ಪ ಉಣ್ಣೆಯ ಕೋಟು, ಮೊಣಕೈವರೆಗೆ ಕಪ್ಪು ಕೆಸರು. ಆ ಬಿಸಿಲಲ್ಲಿ ಮೈಯಿಂದ ನೀರು ತೊಟ್ಟಿಕ್ತಾ ಉಂಟು... ತೊಟ್ಟಿಕ್ಕಿದ್ದು ನೆಲದಲ್ಲಿ ಆರ್ತಾ ಇಲ್ಲ. ಬಾಯಿ ತುಂಬ ಮಣ್ಣು, ಮಾತಾಡ್ಲಿಕ್ಕೆ ಆಗುದಿಲ್ಲ. ಸುಮ್ಮನೆ ಕೈ ಚಾಚಿದ. ಸಲಿಕೆ ಕೊಡು ಅಂತ.

"ನೀವಾದ್ರೆ ಓಡ್ತಿದ್ರಿ. ಕ್ಲೇಟನ್‌ಗೆ ಹೆದರಿಕೆಗಿಂತ ಮೊದಲು ಕೋಪ ಬಂತು. ಅಷ್ಟು ದಿನದ ಕೋಪ! 'ನೀನಾ? ನಿನ್ನಿಂದಾಗಿ ನನಗೆ ಮಗುವಿನ ಮುಖ ನೋಡ್ಲಿಕ್ಕೆ ಇಲ್ಲ ಮಾರಾಯ! ತಗೋ, ಎಷ್ಟು ಬೇಕೋ ಅಷ್ಟು ಅಗೆ! ಖಲಾಸ್!' ಅಂತ ಸಲಿಕೆ ಅವನ ಕೈಗೆ ತುರುಕಿದ. ತಿರುಗಿ ನೋಡದೆ ಬಂದು ಕಾರಿನಲ್ಲಿ ಕೂತ.

"ಮರುದಿನ ಗಾಡಿ ಲಕಲಕ ಖಾಲಿ. ಸಲಿಕೆ ಅದರೊಳಗೆ. ದೊಡ್ಡವರು ಬಂದರು, ಮಣ್ಣು ಎತ್ತಿದರು, ಎಲ್ಲ ಚೆಂದ ಆಯ್ತು. ಕ್ಲೇಟನ್ ಅದೇ ವಾರ ಊರಿಗೆ ಹೋದ, ಬ್ಯಾಪ್ಟಿಸಂ ಆಯ್ತು, ಮಗು ಅವನ ಹೆಗಲ ಮೇಲೆ ನಿದ್ದೆ ಮಾಡಿದ ಫೋಟೋ ನನಗೂ ಕಳಿಸಿದ.

"ಆಮೇಲೆ ಅವನಿಗೆ ಡೆಸ್ಮಂಡನ ಫೋನು. ಬಯಲಲ್ಲಿ ಕಾಲುವೆಯ ಹಾಗೆ ಒಂದು ತೋಡು ಬಿದ್ದಿದೆ, ಯಾರು ಅಗೆದದ್ದು ಗೊತ್ತಿಲ್ಲ, ಜೆಸಿಬಿ ತಂದು ಮುಚ್ಚಿದ್ರೆ ಬೆಳಿಗ್ಗೆ ಇನ್ನೂ ಉದ್ದ. 'ನೀನು ಅವನನ್ನು ಕೆಲಸಕ್ಕೆ ಹಚ್ಚಿದ್ದು, ನೀನೇ ಬಂದು ಸಾಕು ಅನ್ನಬೇಕು' ಅಂದನಂತೆ. ಕ್ಲೇಟನ್ ಕೆಲಸಕ್ಕೇ ರಾಜೀನಾಮೆ ಕೊಟ್ಟ."

"ಅಷ್ಟೇ ತಾನೇ?" ಫಯಾಝ್ ನಗಲು ನೋಡಿದ. "ಅಲ್ಲೇ ಅಗೀತಾ ಇರ್ಲಿ ಬಿಡಿ."

"ಅಲ್ಲೇ ಇದ್ದಿದ್ರೆ ನಾನ್ಯಾಕೆ ಹೇಳ್ತಿದ್ದೆ?" ಉರ್ಸುಲಾಬಾಯಿಯ ಸ್ವರ ಗಡುಸಾಯಿತು. "ಆ ತೋಡು ರೈಲಿನ ದಾರಿ ಹಿಡೀಲಿಲ್ಲ. ಬೆಟ್ಟಕ್ಕೆ ಬೆನ್ನು ಹಾಕಿ ಕಡಲಿನ ಕಡೆ ತಿರುಗಿತು. ನಾನು ಕ್ಲೇಟನ್‌ಗೆ ದಿನಾ ಹೇಳ್ತೇನೆ... ಬಾ, ಒಂದು ಮಾತು ಹೇಳಿ ಹೋಗು ಅಂತ. 'ಮಾವ್ಶೀ, ಆ ವಿಷಯ ಬಿಡಿ' ಅಂತಾನೆ. ಇನ್ನು ಹೇಗೆ ಹೇಳಬೇಕು ಅವನಿಗೆ? ಮೊನ್ನೆ ತೋಡು ಬೀಚಿಗೆ ಮುಟ್ಟಿತು. ನಿನ್ನೆ ಸೊಹಾರಿನ ಮೀನಿನವರು ನೋಡಿದ್ದಾರೆ... ಕಡಲಿನಲ್ಲಿ ಕಪ್ಪು ನೀರಿನ ಒಂದು ಗೆರೆ, ಅಲೆಗೂ ಅಳಿಯುದಿಲ್ಲವಂತೆ, ನೇರ ಮಂಗಳೂರಿನ ದಿಕ್ಕಿಗೆ."