ಇಪ್ಪತ್ತಮೂರು ಹೆಂಗಸರ ಜೈಲು

...ಇಲ್ಲ, ನಾನು ಕೂಗೋಳೇ! ಯಾಕೆ ಮೆಲ್ಲಗೆ ಮಾತಾಡ್ಬೇಕು? ಇದೇ ಜೈಲಲ್ಲಿ ಮೂವತ್ತೊಂದು ವರ್ಷ ಕಾವಲು ಕಾದವಳು ಈ ಕಗೇಹಾ! ಆ ಬಾಗಿಲಲ್ಲಿ ನಿಂತಿದ್ದಾಳಲ್ಲ ನಂಜಾಲ, ಅವಳಿಗೆ ಬೀಗ ತಿರುಗಿಸೋದು ಹೇಳಿಕೊಟ್ಟಿದ್ದೇ ನಾನು. ಕೇಳಿಸ್ಕೊಳ್ಳಲಿ ಬಿಡು. ಮೂರು ವರ್ಷ! ನನ್ನ ಸೊಸೆಗೆ ಮೂರು ವರ್ಷ! ಒಂದು ಪೀಪಾಯಿ ಕಳ್ಳಭಟ್ಟಿಗೆ!

ಗೆಣಸು ತಿನ್ನು ಮಿದೇವಾ, ಬೇಯಿಸಿ ತಂದಿದ್ದೀನಿ. ...ಬೇಡ್ವಾ? ಸರಿ, ಆಮೇಲೆ ತಿನ್ನು. ಎಷ್ಟು ಇಳಿದುಹೋಗಿದ್ದೀಯ. ಮಲಗೋಕೆ ಜಾಗ ಸಿಗುತ್ತಾ? ...ತಲೆ ಅಲ್ಲಾಡಿಸ್ತೀಯ. ಗೊತ್ತು ಕಣೇ. ಒಬ್ಬಳು ಮಗ್ಗುಲು ಬದಲಿಸಿದ್ರೆ ಸಾಲಿಗೆ ಸಾಲೇ ಬದಲಿಸ್ಬೇಕು.

ನಾನು ಕೆಲಸಕ್ಕೆ ಸೇರಿದಾಗ ಇಲ್ಲಿ ಎಷ್ಟು ಜನ ಇದ್ರು ಗೊತ್ತಾ? ಇಪ್ಪತ್ತಮೂರು! ಒಬ್ಬೊಬ್ಬಳ ಹೆಸರು, ಊರು, ಮಕ್ಕಳು, ಎಲ್ಲಾ ಬಾಯಿಗೇ ಬರ್ತಿತ್ತು. ಹತ್ತು ವರ್ಷಕ್ಕೆ ಅರವತ್ತಾಯ್ತು. ಆಮೇಲೆ ನೂರು ದಾಟಿತು. ನಾನು ಕೆಲಸ ಬಿಟ್ಟ ದಿನ ಬೆಳಿಗ್ಗೆ ಎಣಿಸಿದ್ರೆ ಇನ್ನೂರ ಹನ್ನೊಂದು! ಗೋಡೆ ಒಂದಿಂಚಾದ್ರೂ ಜರುಗಿತಾ? ಅದೇ ಕೋಣೆ, ಅದೇ ನಾಲ್ಕು ಕಕ್ಕಸು! ಹೆಸರು ಹಿಡಿದು ಕರೆಯೋದು ಹೋಗಿ ನಂಬರು ಕೂಗೋದಾಯ್ತು.

ನೈರೋಬಿಯಿಂದ ಟೈ ಕಟ್ಕೊಂಡ ಅಧಿಕಾರಿಯೊಬ್ಬ ಬಂದಿದ್ದ ಆಗ. "ಅಮ್ಮಾ, ಹೆಂಗಸರು ಯಾಕೆ ಇಷ್ಟು ಕೆಟ್ಟುಹೋಗ್ತಿದ್ದಾರೆ?" ಅಂತಾನೆ. ಕೆಟ್ಟುಹೋದ್ರಂತೆ! ಹೆಂಗಸರು ಇದ್ದ ಹಾಗೇ ಇದ್ದಾರೆ ಕಣಪ್ಪಾ, ನಿಮ್ಮ ಕಾನೂನಿನ ಬಾಯಿ ದೊಡ್ಡದಾಗಿದೆ ಅಂದೆ. ಭಟ್ಟಿ ಇಳಿಸಿದವಳು, ರಸ್ತೆ ಬದಿ ಟೊಮೆಟೊ ಇಟ್ಟುಕೊಂಡು ಕೂತವಳು, ಬಸಿರು ತೆಗೆಸಿಕೊಂಡ ಹುಡುಗಿ... ಕೊಂದವಳು ಎಷ್ಟು ಮಂದಿ? ಮತ್ತೆ ಕುಡಿದ ಗಂಡಸರು? ಅವರೆಲ್ಲ ಎಲ್ಲಿ? ಮನೇಲಿ ಗೊರಕೆ ಹೊಡೀತಿದ್ದಾರೆ!

ನಮ್ಮ ಊರಿನ ಆ ಚೀಫ್, ಸರ್ಕಾರದ ಸಂಬಳ ತಿನ್ನೋ ಊರ ಯಜಮಾನ... ನಿನ್ನ ಅಂಗಳದಲ್ಲೇ ಲೋಟ ಹಿಡಿದು ಕೂತಿದ್ದವನಲ್ವಾ ಅವನು? ಪೊಲೀಸರನ್ನ ಜೀಪು ಹತ್ತಿಸ್ಕೊಂಡು ಬಂದ! ನಾನು ಮನೇಲಿದ್ದಿದ್ರೆ ಬಾಗಿಲಿಗೆ ಅಡ್ಡ ಮಲಗ್ತಿದ್ದೆ. ಚರ್ಚಿಗೆ ಹೋಗಿದ್ದೆನಲ್ಲ... ಯಾವನೋ ಚಾಡಿಕೋರ ಹೇಳಿರ್ಬೇಕು. ಅವನ ಬಾಯಿಗೆ ಹುಳ ಬೀಳ!

...ಯಾಕೆ ನಗ್ತೀಯ? ನಗೋ ಮಾತಾ ಇದು?

ನಮ್ಮ ಅವ್ವನ್ನೂ ಇದೇ ಭಟ್ಟಿಗೆ ಹಿಡಿದಿದ್ರು, ನಾನು ಚಿಕ್ಕವಳಾಗಿದ್ದಾಗ. ನಾಲ್ಕು ಮಾತು ಬೈದು, ಎರಡು ವಾರ ಒಳಗಿಟ್ಟು ಕಳಿಸಿದ್ರು. ಆಗೆಲ್ಲ ಅಷ್ಟೇ! ಈಗ ಮೂರು ವರ್ಷ! ಪೀಪಾಯಿ ಒಡೆದು ಹೋಗ್ತೀನಿ ಅಂದಿದ್ದ ಆ ಅಯೋಗ್ಯ ಚೀಫ್, ಬರೀ ಹೆದರಿಸ್ತೀನಿ ಅಂತ ಬೈಬಲ್ ಮುಟ್ಟಿ ಹೇಳಿದ್ದ...

...ಏನು? ಯಾಕೆ ಹಾಗೆ ನೋಡ್ತೀಯ?

ಏನಂದೆ ನಾನೀಗ...

ಕೇಳು. ಯಾರಿಗೆ ಹೇಳಿದ್ದ ಅಂತ ಕೇಳು! ಬಾಯಿ ಬಿಡೇ! ...ಗೊತ್ತಿತ್ತಾ? ಮೊದಲೇ ಗೊತ್ತಿತ್ತಾ ನಿನಗೆ?

ಸಂತೇಲಿ ನಗ್ತಿದ್ರು ಕಣೇ. ಜೈಲಮ್ಮನ ಮನೇಲೇ ಭಟ್ಟಿ ಅಂತ, ನನ್ನ ಮುಖಕ್ಕೇ ನಗ್ತಿದ್ರು. ಬಿಡು ಬಿಡು ಅಂತ ಎಷ್ಟು ಸಲ ಹೇಳ್ದೆ? ಮಕ್ಕಳ ಹೊಟ್ಟೆಗೆ ನಿಮ್ಮ ಮಗ ಏನು ಕಳಿಸ್ತಾನೆ ಅಂತ ತಿರುಗಿ ಕೇಳ್ದೆ ನೀನು. ನಿಜಾನೇ ಕೇಳ್ದೆ... ಅದಕ್ಕೇ ಇನ್ನೂ ಉರಿ ಹತ್ತಿತು. ಹೋಗಿ ಚೀಫ್‌ಗೆ ಹೇಳ್ದೆ. ಬಾಳೆಬುಡದ ಹಿಂದೆ ಪೀಪಾಯಿ ಹೂತಿದ್ದಾಳೆ ಅಂತ ನಾನೇ ಹೇಳ್ದೆ. ಎರಡು ವಾರ ಅಂದ್ಕೊಂಡೆ... ಸುಳ್ಳು. ದಿನಾ ಬೆಳಿಗ್ಗೆ ಎಣಿಸಿದವಳಿಗೆ ಗೊತ್ತಿರಲ್ವಾ? ಗೊತ್ತಿತ್ತು! ಸಿಟ್ಟಿತ್ತು, ಅಷ್ಟೇ. ಸಿಟ್ಟಿತ್ತು.

ಎದ್ದೆಯಾ? ಇನ್ನೂ ಹೊತ್ತಿದೆ, ಗಂಟೆ ಹೊಡೆದಿಲ್ಲ... ಬೈಯಿ ನನ್ನ, ಉಗಿ, ಏನಾದ್ರೂ ಅನ್ನು! ಹಾಗೆ ಬೆನ್ನು ತಿರುಗಿಸ್ಬೇಡ... ಏಯ್! ನಿಲ್ಲು! ನಿಲ್ಲು ಅಲ್ಲೇ! ಗೋಡೆಗೆ ಮುಖ ಮಾಡು!

...ಅಯ್ಯೋ. ಹಾಗಲ್ಲ ಕಣೇ... ನಿನ್ನನ್ನ ಕೈದಿ ಹಾಗೆ ಕರೀಲಿಲ್ಲ ನಾನು... ಮಿದೇವಾ... ಮಗಳೇ...