ಸೀರೆದಾರದಲ್ಲಿ ಹೊಲಿದ ಚೀಲ

ಕೂತವರು ಕೂತಲ್ಲೇ ಕೇಳಿ, ನಿಂತವರು ಕಂಬಕ್ಕೆ ಒರಗಿ ಕೇಳಿ. ಒಂದಾನೊಂದು ದೇಶ. ಹೆಸರು ಕೇಳಬೇಡಿ, ಹೇಳಿದರೆ ನಮ್ಮದೇ ಅಂತ ಜಗಳಕ್ಕೆ ಬರ್ತೀರಿ. ಅಲ್ಲಿನ ರಾಜನ ಕಣಜದಲ್ಲಿ ತಿಪ್ಪವ್ವ ಅಂತ ಒಬ್ಬ ಮುದುಕಿ. ಜೋಳದ ಚೀಲಗಳ ಬಾಯಿ ಹೊಲಿಯೋದು ಅವಳ ಕೆಲಸ.

ಆ ದೇಶದಲ್ಲೊಂದು ಪದ್ಧತಿ. ಯಾರಿಗೇ ಕಾಳು ಕೊಟ್ಟರೂ ಬಾಯಿ ಹೊಲಿಯೋ ಮುಂಚೆ ಒಂದು ಹಿಡಿ ಹಿಂದಕ್ಕೆ ತೆಗೀಬೇಕು. ಆ ಹಿಡಿ ಹೊಲಿದವರದು. ಹಂಚಿಕೊಂಡು ತಿಂದು ತಿಪ್ಪವ್ವನ ಓಣಿ ಬದುಕಿದ್ದೇ ಅದರಿಂದ.

ಬಡಗಣ ದೇಶದಲ್ಲಿ ಹೊಳೆ ಉಕ್ಕಿ ಬಂತು. ರಾಜ ನೂರು ಗಾಡಿ ಜೋಳ ಕಳಿಸಿದ. ಅವರು ಹೊಗಳಿದರು. ಇವನಿಗೆ ರುಚಿ ಹತ್ತಿತು.

“ದಾನ ಕೊಡೋ ರಾಜ ಹಿಡಿ ಹಿಂದಕ್ಕ ತಗೀತಾನೇನು? ಇನ್ನ ತಗೀಬ್ಯಾಡ್ರಿ!” ಅಂದ.

ಪಡುವಣ ದೇಶಕ್ಕೆ ಬೆಂಕಿ ಬಿತ್ತು. ನೂರು ಗಾಡಿ ಹೋಯಿತು, ಹಿಡಿ ಇಲ್ಲ. ಮೂಡಣ ದೇಶಕ್ಕೆ ಮಿಡತೆ ಬಿತ್ತು. ನೂರು ಗಾಡಿ ಸಿದ್ಧವಾಯಿತು, ಹಿಡಿ ಇಲ್ಲ. ಓಣಿಯ ಒಲೆಗಳು ತಣ್ಣಗಾದವು. ತಿಪ್ಪವ್ವನ ಮಗಳು ಕೆಂಚಿ ಹಸಿ ಬಾಣಂತಿ. ಅವಳ ಎದೆಹಾಲು ಬತ್ತಿತು. ಕೂಸಿಗೆ ಅಳೋಕೂ ತ್ರಾಣ ಇಲ್ಲ.

ತಿಪ್ಪವ್ವ ರಾಜನ ಮುಂದೆ ನಿಂತಳು. “ಕಳಸ್ರಿ ದೊರೀ, ಅವರಿಗೂ ಹೊಟ್ಟಿ ಐತಿ. ಆದ್ರ ನಮ್ಮ ಹಿಡಿ ತಗದು ಕಳಸ್ರಿ. ಮನ್ಯಾಗ ಬಾಣಂತಿ ಉಪವಾಸ ಅದಾಳ.”

“ನನ್ನ ದೇಶದಾಗ ಬಡವರೇ ಇಲ್ಲ. ಇದ್ದಿದ್ರ ನಾ ಹೊರಗಿನವ್ರಿಗೆ ಕೊಡ್ತಿದ್ನೇನು?”

ಕೇಳಿದ್ರಾ ಮಾತು!

ಮುದುಕಿ ಮರಳಿ ಹೊಲಿಯೋಕೆ ಕೂತಳು. ಅರ್ಧಕ್ಕೆ ದಾರ ಮುಗೀತು. ಎದ್ದು ಹೋಗಬಹುದಿತ್ತಲ್ಲ? ಹೋಗಲಿಲ್ಲ. ಮಿಡತೆ ತಿಂದ ಊರಲ್ಲೂ ಬಾಣಂತಿಯರು ಇರ್ತಾರೆ ಅಂತ ಅವಳಿಗೆ ಸಂಕಟವಾಯಿತು. ಉಟ್ಟ ಹಸಿರು ಸೀರೆಯ ಎಳೆ ಹಿರಿದಳು, ಹೊಲಿದಳು. ಹಿರಿದಳು, ಹೊಲಿದಳು. ಸೀರೆ ಮೊಣಕಾಲಿಗೆ ಬಂತು, ಗಾಡಿಗಳು ಹೊರಟವು.

ಎಂಟನೇ ದಿನ ಮೂಡಣ ದೇಶದ ದೂತ ಚೀಲಗಳನ್ನು ಮರಳಿಸೋಕೆ ಬಂದ. ಖಾಲಿ ಮರಳಿಸಬಾರದಲ್ಲ? ಒಂದೊಂದು ಚೀಲದಲ್ಲೂ ಒಂದೊಂದು ಹಿಡಿ ಜೋಳ.

“ದೊರೀ, ಇದು ನಿಮ್ಮ ದೇಶದ ಬಡವರಿಗೆ ನಮ್ಮ ಹೆಣ್ಮಕ್ಕಳು ಕೊಟ್ಟ ನೆರವು” ಅಂದ.

“ನಮ್ಮಲ್ಲಿ ಬಡವ್ರು? ಯಾರು ಹೇಳಿದ್ದು?”

ದೂತ ಚೀಲದ ಬಾಯಿಗೆ ಅಂಟಿದ್ದ ಹಸಿರು ಎಳೆ ತೋರಿಸಿದ. “ಯಾರೋ ಒಬ್ಬಾಕಿ ಉಟ್ಟ ಸೀರಿ ಹಿರಿದು ಹೊಲಿದಾಳ. ಆಕಿ ಮನಿ ಯಾವ ಕಡೆ?”

ಚೀಲ ಎಣಿಸಿಕೊಳ್ಳೋಕೆ ಬಂದಿದ್ದ ತಿಪ್ಪವ್ವನ ಸೀರೆಯನ್ನ ರಾಜ ನೋಡಿದ. ಆಮೇಲೆ ನೆಲ ನೋಡಿದ.

ಅವತ್ತು ಓಣಿಯಲ್ಲಿ ಗಂಜಿ ಕುದೀತು. ಮೂರನೇ ದಿನಕ್ಕೆ ಕೂಸು ಓಣಿಗೆಲ್ಲ ಕೇಳೋ ಹಾಗೆ ಅತ್ತಿತು. ನಾಚಿಕೊಂಡ ರಾಜ ತಿಪ್ಪವ್ವನ ಮನೆಗೆ ಏನು ಕಳಿಸಿದ ಅಂತೀರಿ? ಜೋಳ? ಅಲ್ಲ. ಸೀರೆ? ಅಲ್ಲ. ಒಂದು ಉಂಡೆ ದಾರ!

ತೆಂಕಣ ದೇಶಕ್ಕೆ ಬಿರುಗಾಳಿ ಬಡಿದಾಗ ಮತ್ತೆ ನೂರು ಗಾಡಿ ನಿಂತವು. ತಿಪ್ಪವ್ವ ಅದೇ ದಾರ ಪೋಣಿಸಿದಳು. ಯಾರನ್ನೂ ಕೇಳದೆ ಪ್ರತಿ ಚೀಲದಿಂದ ಒಂದು ಹಿಡಿ ತೆಗೆದಳು, ಆಮೇಲೆ ಹೊಲಿದಳು. ರಾಜ ಅಲ್ಲೇ ಇದ್ದ. ತನ್ನ ಕುದುರೆಯ ಕೂದಲು ಸವರುತ್ತಾ ಆ ಕಡೆ ತಿರುಗಿ ನಿಂತ.

ಗಾಡಿ ಅತ್ತ ಹೋಯಿತು, ಹಿಡಿ ಇತ್ತ ಉಳೀತು, ಕಥೆ ನಿಮ್ಮ ಮಡಿಲಿಗೆ ಬಿತ್ತು.